ಮೈಸೂರಿನಲ್ಲಿ ಸ್ವಿಸ್ ವಾಚಿನ ದುರಸ್ತಿ: ಬಿಲ್ಲಿನ ತಕರಾರು ಮತ್ತು ಆನಂತರದ ಬಳಕೆ

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ, ಒಡವೆಗಳ ಜೊತೆಗೆ ವಿದೇಶಿ ಕೈಗಡಿಯಾರಗಳನ್ನೂ ಮಾರುವ ಒಂದು ದೊಡ್ಡ ಅಂಗಡಿಯ ದುರಸ್ತಿ ಸೇವೆಯನ್ನು ಕುರಿತ ವಿಮರ್ಶೆ ಇದು. ನಮ್ಮ ನಡುವಿನ ತಕರಾರು ಬರವಣಿಗೆಯಲ್ಲಿ ಇತ್ಯರ್ಥವಾಗಿರುವ ಕಾರಣ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ದುರಸ್ತಿಯಾಗಿ ವರ್ಷ ಕಳೆದಿದೆ. ಬಿಲ್ಲು ನೋಡಿದ ದಿನ ಬರೆದಿದ್ದರೆ ಬರೀ ಸಿಟ್ಟು ಇರುತ್ತಿತ್ತು. ವಾಚು ಈಗ ಚೆನ್ನಾಗಿಯೇ ನಡೆಯುತ್ತಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಕರಾರು ಕೆಲಸ ಕೆಟ್ಟಿತೆಂದಲ್ಲ. ನನ್ನ ವಾಚಿಗೆ ಏನು ಮಾಡಬೇಕು, ಅದಕ್ಕೆ ಎಷ್ಟು ಖರ್ಚಾಗಬೇಕು ಎಂಬುದನ್ನು ನನ್ನನ್ನು ಕೇಳದೆಯೇ ಬೇರೆಯವರು ತೀರ್ಮಾನಿಸಿದರು ಎಂಬುದು.

ವಾಚನ್ನು ಇದೇ ಅಂಗಡಿಯಲ್ಲಿ ಸುಮಾರು ಒಂಬತ್ತು ವರ್ಷಗಳ ಹಿಂದೆ 48,000 ರೂಪಾಯಿಗೆ ಕೊಂಡಿದ್ದೆ. ಬ್ಯಾಟರಿಯಿಲ್ಲದ ಆಟೊಮ್ಯಾಟಿಕ್ ವಾಚು. ಕೈ ಅಲುಗಿದಂತೆಲ್ಲ ಒಳಗಿನ ಅರ್ಧಚಂದ್ರಾಕಾರದ ರೋಟರ್ ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ, ಹಿಂಬದಿಯ ಮುಚ್ಚಳ ಗಾಜಿನದ್ದಾದ್ದರಿಂದ ಅದು ತಿರುಗುವುದು ಕಣ್ಣಿಗೂ ಕಾಣುತ್ತದೆ. ಒಳಗಿರುವುದು ಇಟಿಎ 2824-2 ಎಂಬ ಯಂತ್ರ, ವಾಚಿನವರ ಮಾತಿನಲ್ಲಿ ಮೂವ್‌ಮೆಂಟ್. ಸವೆತ ತಡೆಯಲು ಕೂರಿಸಿದ 25 ಸಣ್ಣ ಕಲ್ಲುಗಳ, ಗಂಟೆಗೆ 28,800 ಬಾರಿ ಮಿಡಿಯುವ, ಪೂರ್ತಿ ಸುತ್ತಿಟ್ಟರೆ ಸುಮಾರು 38 ಗಂಟೆ ನಡೆಯುವ ಈ ಯಂತ್ರವನ್ನು ಎಷ್ಟೋ ಸ್ವಿಸ್ ಕಂಪನಿಗಳು ದಶಕಗಳಿಂದ ಬಳಸುತ್ತ ಬಂದಿವೆ. ಅಂದರೆ ಇದು ಅಪರೂಪದ ವಸ್ತುವಲ್ಲ. ಬಿಚ್ಚಿ ತೊಳೆದು ಜೋಡಿಸಲು ಬರುವಂಥದ್ದು, ಬಿಡಿಭಾಗಗಳೂ ಸಿಗುವಂಥದ್ದು. ಮುಂದಿನ ಜಗಳಕ್ಕೆಲ್ಲ ಆಧಾರ ಇದೇ ಆದ್ದರಿಂದ ಇಷ್ಟು ವಿವರ ಬೇಕಾಯಿತು.

ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ಸರ್ವೀಸ್ ಆಗದ ವಾಚು ದಿನಕ್ಕೆ ಸುಮಾರು ಎರಡು ನಿಮಿಷ ಹಿಂದೆ ಬೀಳತೊಡಗಿತು, ರಾತ್ರಿ ಬಿಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ನಿಂತಿರುತ್ತಿತ್ತು. ಒಳಗಿನ ಎಣ್ಣೆ ಒಣಗಿದಾಗ ಸಾಮಾನ್ಯವಾಗಿ ಕಾಣುವ ಲಕ್ಷಣಗಳಿವು. ಕೌಂಟರಿನಲ್ಲಿದ್ದ ಹುಡುಗ ವಾಚನ್ನು ಕಿವಿಗಿಟ್ಟು ಕೇಳಿ, "ಸರ್, ಸರ್ವೀಸ್ ಮಾಡಿಸಿದ್ರೆ ಸರಿಹೋಗುತ್ತೆ, ಅಂದಾಜು ಆರೂವರೆ ಸಾವಿರ ಆಗ್ಬಹುದು" ಎಂದು ಹೇಳಿ ಚೀಟಿ ಬರೆದುಕೊಟ್ಟ. ಚೀಟಿಯಲ್ಲಿ ವಾಚಿನ ನಂಬರು, ನನ್ನ ಮೊಬೈಲ್ ನಂಬರು, 'ಸರ್ವೀಸ್' ಎಂಬ ಒಂದೇ ಪದ ಇದ್ದವು. ಅಂದಾಜು ಮೊತ್ತದ ಕಾಲಮ್ಮಿನಲ್ಲಿ ಒಂದು ಗೆರೆ ಎಳೆದಿತ್ತು. ಗಡಿಯಾರವನ್ನು ದುರಸ್ತಿಗೆ ಬೇರೆಡೆಗೆ ಕಳುಹಿಸುತ್ತಾರೆಂಬ ಮಾತು ಬರಲೇ ಇಲ್ಲ. ಅಂಗಡಿಯ ಮೂಲೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತಿದ್ದ ಕೆಲಸಗಾರನನ್ನು ಕಂಡ ಯಾರಿಗಾದರೂ ಕೆಲಸ ಅಲ್ಲೇ ನಡೆಯುತ್ತದೆ ಎಂದೇ ಅನ್ನಿಸುತ್ತಿತ್ತು.

ಕೆಲವು ವಾರಗಳ ನಂತರ ವಾಚು ಸಿದ್ಧವಾಗಿದೆಯೆಂದು ಫೋನ್ ಬಂತು. ಮಂಡ್ಯದಿಂದ ರೈಲಿನಲ್ಲಿ ಹೋಗಿ ನೋಡಿದರೆ ಬಿಲ್ಲು 23,600 ರೂಪಾಯಿ. 'ಕಂಪ್ಲೀಟ್ ಸರ್ವೀಸ್, 20,000' ಎಂಬ ಒಂದೇ ಸಾಲು, ಅದರ ಕೆಳಗೆ ಶೇ. 18ರ ಜಿಎಸ್‌ಟಿ 3,600. ಕೊಂಡ ಬೆಲೆಯ ಹೆಚ್ಚುಕಡಿಮೆ ಅರ್ಧದಷ್ಟು ಹಣ ಒಂದು ಸರ್ವೀಸಿಗೆ ಹೇಗಾಯಿತೆಂದು ಕೇಳಿದರೆ, "ಕಂಪನಿಯವರು ಏನು ಬೇಕೋ ಅದನ್ನ ಮಾಡಿರ್ತಾರೆ ಸರ್, ನಮ್ಮ ಕೈಲಿಲ್ಲ" ಎಂಬ ಉತ್ತರ ಬಂತು. ವಾಚನ್ನು ತಿರುಗಿಸಿ ನೋಡಿದೆ. ಹಳೆಯ ರೋಟರಿನ ಅಂಚಿನಲ್ಲಿದ್ದ ಸಣ್ಣ ಗೀರು ಕಾಣಲಿಲ್ಲ. ಒಳಗಿನ ಯಂತ್ರವೆಲ್ಲ ಹೊಸದರಂತೆ ಹೊಳೆಯುತ್ತಿತ್ತು. ತೊಳೆದರೆ ಧೂಳು ಹೋಗುತ್ತದೆಯೇ ಹೊರತು ಗೀರು ಹೋಗುವುದಿಲ್ಲ. ಆಗಲೇ ನಾನು ದುರಸ್ತಿ ಕೇಂದ್ರದ ಜಾಬ್ ಶೀಟ್ ಕೊಡಿ ಎಂದು ಕೇಳಿದ್ದು.

ಅದನ್ನು ಕೊಡಲು ಅವರು ಬಹಳ ಹಿಂದೇಟು ಹಾಕಿದರು. 'ಆಂತರಿಕ ಕಾಗದ' ಎಂದರು, ಮ್ಯಾನೇಜರು ಊರಲ್ಲಿಲ್ಲ ಎಂದರು. ಕೊನೆಗೆ ಇಮೇಲಿನಲ್ಲಿ ಬಂದ ಹಾಳೆಯನ್ನು ಓದಿದಾಗ ವಿಷಯ ತಿಳಿಯಾಯಿತು. ವಾಚು ಬೆಂಗಳೂರಿನ ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಹೋಗಿತ್ತು. ಅಲ್ಲಿಯವರು ಹಳೆಯ ಯಂತ್ರವನ್ನು ಬಿಚ್ಚಿ ತೊಳೆಯುವ ಬದಲು ಯಂತ್ರವನ್ನೇ ಬದಲಾಯಿಸಿದ್ದರು: ಅದಕ್ಕೆ 13,500. ಕೀಲಿ ತಿರುಗಿಸುವ ಕ್ರೌನ್ ಮತ್ತು ನೀರು ತಡೆಯುವ ಗ್ಯಾಸ್ಕೆಟ್‌ಗಳಿಗೆ 1,500. ನಾನು ಕೇಳದೇ ಇದ್ದ ಪಾಲಿಶ್‌ಗೆ 3,000. ಅಲ್ಲಿಗೆ 18,000 ಆಯಿತು. ಉಳಿದ 2,000 ಅಂಗಡಿಯವರು ತಾವಾಗಿ ಸೇರಿಸಿಕೊಂಡದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಹಾಳೆಯ ಕೆಳಭಾಗದಲ್ಲಿ 'ಅಂದಾಜು ಕಳುಹಿಸಲಾಗಿದೆ, ಗ್ರಾಹಕರ ಒಪ್ಪಿಗೆ ಬಂದಿದೆ' ಎಂಬ ಸಾಲು, ಎರಡಕ್ಕೂ ದಿನಾಂಕ. ಕೇಂದ್ರದವರು ಪದ್ಧತಿಯಂತೆ ಅಂದಾಜು ಕಳುಹಿಸಿ ಒಪ್ಪಿಗೆ ಕೇಳಿದ್ದರು. ಅವರ ಪಾಲಿಗೆ ಗ್ರಾಹಕರೆಂದರೆ ಅಂಗಡಿಯವರು. ಅಂಗಡಿಯವರು ನನಗೆ ಒಂದು ಫೋನನ್ನೂ ಮಾಡದೆ ನನ್ನ ಹೆಸರಿನಲ್ಲಿ ಒಪ್ಪಿಬಿಟ್ಟಿದ್ದರು.

ಯಂತ್ರವನ್ನೇ ಬದಲಾಯಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಸರಿಯಾದ ಸರ್ವೀಸ್ ಎಂದರೆ ಯಂತ್ರವನ್ನು ಪೂರ್ತಿಯಾಗಿ ಬಿಚ್ಚಿ, ತೊಳೆದು, ಒಂದೊಂದು ಜಾಗಕ್ಕೆ ಒಂದೊಂದು ಬಗೆಯ ಎಣ್ಣೆಯನ್ನು ಸೂಜಿಮೊನೆಯಷ್ಟು ಹಾಕಿ, ಮತ್ತೆ ಜೋಡಿಸಿ, ಬೇರೆ ಬೇರೆ ಭಂಗಿಗಳಲ್ಲಿಟ್ಟು ವೇಗವನ್ನು ಹೊಂದಿಸುವುದು. ನುರಿತವನಿಗೂ ಇದು ಗಂಟೆಗಟ್ಟಲೆಯ ಕೆಲಸ. ಹಾಗಾಗಿ ಹೊಸ ಯಂತ್ರ ಕೂರಿಸುವುದು ಕೇಂದ್ರಗಳಿಗೆ ಸುಲಭ, ಗ್ರಾಹಕನಿಗೂ ಒಮ್ಮೊಮ್ಮೆ ಲಾಭವೇ. ಆದರೆ ಆ ಆಯ್ಕೆ ನನ್ನದಾಗಬೇಕಿತ್ತು, ತೆಗೆದ ಹಳೆಯ ಯಂತ್ರವೂ ನನ್ನ ಕೈಗೆ ಬರಬೇಕಿತ್ತು. ಮಂಡ್ಯದಲ್ಲಿ ಸ್ಕೂಟರ್ ಸರ್ವೀಸಿಗೆ ಬಿಟ್ಟರೆ ಸವೆದ ಬ್ರೇಕ್ ಶೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಗೆ ಕೊಡುತ್ತಾರೆ. ಇಲ್ಲಿ ಹಳೆಯ ಯಂತ್ರ ಎಲ್ಲಿ ಎಂದು ಕೇಳಿದ್ದಕ್ಕೆ, ಅದು ವಿನಿಮಯದ ಲೆಕ್ಕದಲ್ಲಿ ಕೇಂದ್ರದಲ್ಲೇ ಉಳಿಯಿತು ಎಂದರು.

ಬಿಲ್ಲು ಕಟ್ಟದೆ ವಾಚು ಕೊಡುವುದಿಲ್ಲ ಎಂದು ಅಂಗಡಿಯವರು ಹೇಳಿದಾಗ ಅದನ್ನು ದೌರ್ಜನ್ಯವೆಂದು ಕರೆಯಲು ಬರುವಂತಿರಲಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 170ನೆಯ ಸೆಕ್ಷನ್, ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲದ ಕೆಲಸ ಮಾಡಿದವನಿಗೆ ತನ್ನ ನ್ಯಾಯವಾದ ಸಂಭಾವನೆ ಸಲ್ಲುವವರೆಗೆ ಆ ವಸ್ತುವನ್ನು ತಡೆಹಿಡಿಯುವ ಹಕ್ಕನ್ನು ಕೊಟ್ಟಿದೆ. ಆದರೆ ಅದೇ ಸೆಕ್ಷನ್ನಿನಲ್ಲಿ, ಯಾವ ಉದ್ದೇಶಕ್ಕಾಗಿ ವಸ್ತುವನ್ನು ಒಪ್ಪಿಸಲಾಗಿತ್ತೋ ಅದಕ್ಕೆ ಅನುಗುಣವಾಗಿ ಕೆಲಸ ನಡೆದಿರಬೇಕು ಎಂಬ ಮಾತೂ ಇದೆ. ಚೀಟಿಯಲ್ಲಿದ್ದದ್ದು 'ಸರ್ವೀಸ್', ಪಾಲಿಶ್ ಅಲ್ಲ, ಹೊಸ ಯಂತ್ರವೂ ಅಲ್ಲ. ಹೀಗಾಗಿ ಹಣವನ್ನು ಪೂರ್ತಿ ಕಾರ್ಡಿನಲ್ಲಿ ಕಟ್ಟಿ, ಬಿಲ್ಲಿನ ಅವರ ಪ್ರತಿಯ ಮೇಲೂ ನನ್ನ ಪ್ರತಿಯ ಮೇಲೂ 'ಆಕ್ಷೇಪಣೆಗೆ ಒಳಪಟ್ಟು ಪಾವತಿಸಲಾಗಿದೆ' ಎಂದು ಬರೆದು ಸಹಿ ಹಾಕಿದೆ. ಕೌಂಟರಿನವರಿಗೆ ಅದು ಹಿಡಿಸಲಿಲ್ಲ. ಆದರೂ ಇಂಥ ಸಂದರ್ಭದಲ್ಲಿ ವಾಚನ್ನು ಅಲ್ಲೇ ಬಿಟ್ಟು ಜಗಳವಾಡುವುದಕ್ಕಿಂತ ಇದು ಮೇಲು. ವಸ್ತು ನಮ್ಮ ಕೈಯಲ್ಲಿರುತ್ತದೆ, ಒಪ್ಪಿ ಕೊಟ್ಟ ಹಣವಲ್ಲ ಎಂಬುದಕ್ಕೆ ದಾಖಲೆಯೂ ಇರುತ್ತದೆ.

ನಂತರ ಎಲ್ಲವನ್ನೂ ಬರವಣಿಗೆಯಲ್ಲೇ ನಡೆಸಿದೆ. ಮೊದಲು ಮಾಲೀಕರಿಗೆ ರಿಜಿಸ್ಟರ್ಡ್ ಪತ್ರ ಕಳುಹಿಸಿ, ಜಾಬ್ ಶೀಟಿನ ಪ್ರತಿಯನ್ನು ಲಗತ್ತಿಸಿ, ನನ್ನ ಒಪ್ಪಿಗೆಯ ದಾಖಲೆ ಯಾವುದಿದ್ದರೂ ತೋರಿಸಿ ಎಂದಷ್ಟೇ ಕೇಳಿದೆ. ಉತ್ತರ ಬರಲಿಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಅದು ದೂರನ್ನು ಎದುರಿನವರಿಗೆ ತಲುಪಿಸಿ ಉತ್ತರ ತರಿಸುತ್ತದೆ ಅಷ್ಟೆ. ಆದರೆ ದೂರಿನ ಸಂಖ್ಯೆಯೊಂದು ಸಿಕ್ಕ ಮೇಲೆ ಅಂಗಡಿಯ ದನಿ ಬದಲಾಯಿತು. ಅಲ್ಲಿಯವರೆಗೆ ಊರಲ್ಲಿಲ್ಲದ ಮ್ಯಾನೇಜರೇ ಫೋನ್ ಮಾಡಿದರು.

ಗ್ರಾಹಕರ ದೂರು ವಿಚಾರಿಸುವ ಆಯೋಗಕ್ಕೆ ಹೋಗುವ ತಯಾರಿಯನ್ನೂ ಮಾಡಿಕೊಂಡಿದ್ದೆ. 1986ರ ಹಳೆಯ ಕಾಯ್ದೆಯ ಕಾಲದಲ್ಲಿ ಇಂಥ ದೂರನ್ನು ಮೈಸೂರಿನಲ್ಲೇ ಕೊಡಬೇಕಾಗುತ್ತಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೆಯ ಸೆಕ್ಷನ್ ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೂ ಅದಕ್ಕೆ ಅವಕಾಶ ಕೊಟ್ಟಿರುವುದರಿಂದ ಮಂಡ್ಯದ ಜಿಲ್ಲಾ ಆಯೋಗ ಸಾಕಾಗುತ್ತಿತ್ತು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ಸೇವೆಯ 'ಕೊರತೆ' ಎಂದರೆ ಬರೀ ಕೆಟ್ಟ ಕೆಲಸವಲ್ಲ, ಸಂಬಂಧಪಟ್ಟ ಮಾಹಿತಿಯನ್ನು ಬೇಕೆಂದೇ ತಡೆಹಿಡಿಯುವುದೂ ಕೊರತೆಯೇ ಎಂದು ಆ ಕಾಯ್ದೆಯ ವ್ಯಾಖ್ಯೆ ಹೇಳುತ್ತದೆ. ಮ್ಯಾನೇಜರಿಗೆ ಬರೆದ ಎರಡನೆಯ ಪತ್ರದಲ್ಲಿ ನಾನು ಒತ್ತು ಕೊಟ್ಟದ್ದು ಈ ಅಂಶಕ್ಕೆ.

ಕೊನೆಗೆ ಪಾಲಿಶಿನ 3,000, ಅಂಗಡಿಯವರು ಸೇರಿಸಿಕೊಂಡಿದ್ದ 2,000, ಇವುಗಳ ಮೇಲಿನ ತೆರಿಗೆ 900, ಒಟ್ಟು 5,900 ರೂಪಾಯಿಗೆ ಕ್ರೆಡಿಟ್ ನೋಟ್ ಕೊಟ್ಟು ಹಣವನ್ನು ಕಾರ್ಡಿಗೆ ಹಿಂದಿರುಗಿಸಿದರು. ನನಗೆ ಬಿದ್ದ ಖರ್ಚು 17,700. ಉಳಿದದ್ದಕ್ಕಾಗಿ ಆಯೋಗಕ್ಕೆ ಹೋಗಬಹುದಿತ್ತಲ್ಲ ಎಂದು ಸ್ನೇಹಿತರು ಕೇಳಿದ್ದುಂಟು. ಹಳೆಯ ಯಂತ್ರವನ್ನು ತೊಳೆದು ಎಣ್ಣೆ ಹಾಕಿದ್ದರೆ ಸಾಕಾಗುತ್ತಿತ್ತು ಎಂಬುದು ನನ್ನ ವಾದ. ಅದನ್ನು ತಜ್ಞರಿಂದ ಪರೀಕ್ಷೆ ಮಾಡಿಸಬೇಕಾದರೆ ಯಂತ್ರ ಇರಬೇಕು, ಅದೇ ಇಲ್ಲ. ಬದಲಾಯಿಸಿದ ಭಾಗವನ್ನು ಹಿಂದಕ್ಕೆ ಕೊಡದಿರುವ ಪದ್ಧತಿಯಿಂದ ಯಾರಿಗೆ ಅನುಕೂಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಒಪ್ಪಿಗೆಯಿಲ್ಲದ ಖರ್ಚು ಎಂಬ ವಾದವೊಂದರ ಮೇಲೆಯೇ ಹೋರಾಡಬಹುದಿತ್ತೇನೋ. ಆದರೆ ಹೊಸ ಯಂತ್ರದ ಪ್ರಯೋಜನ ನನಗೂ ದಕ್ಕುತ್ತಿದೆ ಎಂಬ ಎದುರುವಾದಕ್ಕೆ ನನ್ನಲ್ಲಿ ಗಟ್ಟಿಯಾದ ಉತ್ತರವಿರಲಿಲ್ಲ.

ಬಳಕೆಯ ವಿಷಯಕ್ಕೆ ಬಂದರೆ, ಮೊದಲ ತಿಂಗಳುಗಳಲ್ಲಿ ವಾಚು ದಿನಕ್ಕೆ ಸುಮಾರು ಆರು ಸೆಕೆಂಡು ಮುಂದೆ ಓಡುತ್ತಿತ್ತು, ಈಗ ಒಂಬತ್ತರ ಆಸುಪಾಸಿನಲ್ಲಿದೆ. ಕ್ರೋನೋಮೀಟರ್ ಎಂದು ಸ್ವಿಟ್ಜರ್ಲೆಂಡಿನಲ್ಲಿ ಪ್ರಮಾಣಪತ್ರ ಪಡೆಯುವ ಯಂತ್ರಗಳಿಗೇ ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ ಎಂಬ ಸರಾಸರಿಯ ಮಿತಿ ಇರುವಾಗ, ಆ ಪ್ರಮಾಣಪತ್ರವಿಲ್ಲದ ನನ್ನ ವಾಚಿನಿಂದ ಇದಕ್ಕಿಂತ ಹೆಚ್ಚನ್ನು ಕೇಳುವುದು ನ್ಯಾಯವಲ್ಲ. ಶನಿವಾರ ಸಂಜೆ ಬಿಚ್ಚಿಟ್ಟರೆ ಭಾನುವಾರ ಪೂರ್ತಿ ನಡೆಯುತ್ತದೆ. ಮಳೆಗಾಲದಲ್ಲಿ ಗಾಜಿನ ಒಳಗೆ ಹನಿ ಕಟ್ಟಲಿಲ್ಲ. ಬೇಸರವಿರುವುದು ಪಾಲಿಶಿನ ಬಗ್ಗೆ ಮಾತ್ರ. ಪಟ್ಟಿ ಸಿಕ್ಕಿಸುವ ಕೊಂಬುಗಳ ಮೇಲ್ಭಾಗ ಮೊದಲು ಎಳೆಎಳೆಯಾಗಿ ಮಂದವಾಗಿದ್ದು ಅಂಚು ಚೂಪಾಗಿತ್ತು. ಈಗ ಅಲ್ಲೆಲ್ಲ ಕನ್ನಡಿಯಂಥ ಹೊಳಪು, ಅಂಚು ದುಂಡಗಾಗಿದೆ. ಪಾಲಿಶ್ ಎಂದರೆ ಲೋಹವನ್ನು ಉಜ್ಜಿ ತೆಗೆಯುವುದಾದ್ದರಿಂದ, ಹಣ ವಾಪಸಾದರೂ ಆ ಆಕಾರ ವಾಪಸಾಗುವುದಿಲ್ಲ.

ಎಚ್‌ಎಂಟಿ ವಾಚುಗಳಿಗೆ ಮಂಡ್ಯದ ಪೇಟೆ ಬೀದಿಯ ಪುಟ್ಟ ಅಂಗಡಿಯೇ ನನಗೆ ಸಾಕು. ಎಚ್‌ಎಂಟಿ ವಾಚ್ ಕಾರ್ಖಾನೆಗಳು 2016ರಲ್ಲಿ ಮುಚ್ಚಿದ ಮೇಲೂ ಅಲ್ಲಿನ ಹಿರಿಯರು ಹಳೆಯ ಭಾಗಗಳನ್ನು ಹುಡುಕಿ ತಂದು ಕೂರಿಸುತ್ತಾರೆ, ಕೆಲಸಕ್ಕೆ ಮೊದಲೇ ಮೊತ್ತ ಹೇಳುತ್ತಾರೆ. ಸ್ವಿಸ್ ವಾಚನ್ನು ಅವರಿಗೆ ತೋರಿಸಿದಾಗ ಭೂತಗನ್ನಡಿಯಲ್ಲಿ ಹಿಂಬದಿಯ ಗಾಜನ್ನು ನೋಡಿ, "ಮಿಷನ್ ಹೊಸದೇ ಸಾರ್, ಅದ್ರಲ್ಲಿ ಮೋಸ ಇಲ್ಲ" ಎಂದರು. ದೇವರಾಜ ಅರಸು ರಸ್ತೆಯ ಅಂಗಡಿಗೆ ವಾಚು ಕೊಳ್ಳುವವರ ಪಾಲಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ದುರಸ್ತಿಗೆ ಎರಡು; ಆ ಎರಡೂ ಬೆಂಗಳೂರಿನ ಕೇಂದ್ರದ ಕೆಲಸಕ್ಕೆ ಸಲ್ಲಬೇಕಾದವು. ಮುಂದಿನ ಸರ್ವೀಸಿಗೆ ಮಧ್ಯವರ್ತಿಯಿಲ್ಲದೆ ನಾನೇ ಆ ಕೇಂದ್ರಕ್ಕೆ ಹೋಗುತ್ತೇನೆ. ವಿಚಾರಿಸಿದ್ದಾಯಿತು: ನೇರವಾಗಿ ವಾಚು ಕೊಟ್ಟವರಿಗೆ ಅಂದಾಜನ್ನು ಅವರ ಮೊಬೈಲಿಗೇ ಕಳುಹಿಸುತ್ತಾರಂತೆ, ಪಾಲಿಶ್ ಬೇಡವೆಂದರೆ ಜಾಬ್ ಶೀಟಿನಲ್ಲಿ ಹಾಗೆಯೇ ಬರೆದುಕೊಳ್ಳುತ್ತಾರಂತೆ.