ಮದುವೆಯ ಡಿವಿಡಿಗೆ ಮೇಕ್‌ಎಂಕೆವಿಯೋ, ಹ್ಯಾಂಡ್‌ಬ್ರೇಕೋ?
ಕಲಬುರಗಿಯ ನಮ್ಮ ಮನೆಯ ಅಲಮಾರಿಯಲ್ಲಿದ್ದ ಮದುವೆಯ ಡಿವಿಡಿಯನ್ನು ಯೂಟ್ಯೂಬಿಗೆ ಏರಿಸಲು ಈ ಎರಡೂ ಕಂಪ್ಯೂಟರ್ ತಂತ್ರಾಂಶಗಳನ್ನು ಬಳಸಿ ನೋಡಿದೆ. ಮೇಕ್‌ಎಂಕೆವಿ ಡಿಸ್ಕಿನ ಎಂಪೆಗ್-2 (ಡಿವಿಡಿಯ ವಿಡಿಯೊ ಸ್ವರೂಪ) ದೃಶ್ಯವನ್ನು ಮರುಸಂಕುಚಿಸದೆ ನಕಲಿಸುವುದರಿಂದ ಗುಣಮಟ್ಟ ಕಿಂಚಿತ್ತೂ ಕುಂದದು; ಆದರೆ ತುಂಬಿದ ಡಿಸ್ಕಿನ 4.7 ಜಿಬಿ ಹಾಗೆಯೇ ಉಳಿದು, 10 ಎಂಬಿಪಿಎಸ್ ವೇಗದಲ್ಲಿ ಅಪ್‌ಲೋಡಿಗೆ ಗಂಟೆಗೂ ಹೆಚ್ಚು ಹಿಡಿಯುತ್ತದೆ.

ಹ್ಯಾಂಡ್‌ಬ್ರೇಕ್ ಅದನ್ನೇ ಹೆಚ್ಚು ಸಂಕುಚಿಸುವ ಎಚ್.264 ಸ್ವರೂಪದ ಎಂಪಿ4 ಕಡತವಾಗಿಸಿ ಗಾತ್ರವನ್ನು ಅರ್ಧಕ್ಕಿಂತಲೂ ಕೆಳಗಿಳಿಸಬಲ್ಲದು, ಕಂಪ್ಯೂಟರ್ ಹಳೆಯದಾದರೆ ಪರಿವರ್ತನೆಗೇ ಹೊತ್ತು ಬೇಕು. ಅದರಲ್ಲಿ ಆರ್‌ಎಫ್ (ಗುಣಮಟ್ಟ ನಿಗದಿಪಡಿಸುವ ಅಂಕಿ) 20ರ ಸುಮಾರಿಗಿರಿಸಿ, ಡಿಇಂಟರ್‌ಲೇಸ್ (ಸಾಲು ಬಿಟ್ಟು ಸಾಲಾಗಿ ದಾಖಲಾದ ಚಿತ್ರವನ್ನು ಪೂರ್ಣ ಚಿತ್ರವಾಗಿಸುವ) ಆಯ್ಕೆಯನ್ನು ಮರೆಯದೆ ಹಾಕಬೇಕು. ನಾನು ಮರೆತಾಗ, ಅಕ್ಕಿಕಾಳು ಹಾಕುವ ಕೈಗಳ ಅಂಚಿನಲ್ಲೆಲ್ಲ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಮೂಡಿದ್ದವು. ಡಿವಿಡಿಯ 720×576 ಪಿಕ್ಸೆಲ್ ಚಿತ್ರವನ್ನು 1080 ಸಾಲಿನ ಎಚ್‌ಡಿಗೆ ಹಿಗ್ಗಿಸಿದರೆ ಕಡತ ಬೆಳೆಯುತ್ತದೆಯೇ ಹೊರತು ಹೊಸ ವಿವರವೇನೂ ಹುಟ್ಟದು. ಅಪ್‌ಲೋಡಿಗಾದರೆ ನನ್ನ ಆಯ್ಕೆ ಹ್ಯಾಂಡ್‌ಬ್ರೇಕ್. ಡಿಸ್ಕಿನಲ್ಲಿ ಗೀರು ಬೀಳತೊಡಗಿದ್ದರೆ ಮಾತ್ರ ಮೊದಲು ಮೇಕ್‌ಎಂಕೆವಿ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ.