ಜಿಪಾರ್ಟೆಡ್: ಡಿಸ್ಕ್ ಹಂಚುವವರಿಗೆ ಯೋಚಿಸಲು ಬಿಡುವು ಕೊಡುವ ತಂತ್ರಾಂಶ

ವಿಂಡೋಸ್ ಇರುವ ಡಿಸ್ಕ್‌ನಲ್ಲಿ ಲಿನಕ್ಸ್‌ಗೂ ಜಾಗ ಮಾಡಿಕೊಡಬೇಕಾದಾಗ ನಾನು ನೆಚ್ಚಿಕೊಂಡಿರುವುದು ಜಿಪಾರ್ಟೆಡ್ ಅನ್ನು. 2004ರಿಂದ ಬಳಕೆಯಲ್ಲಿರುವ ಈ ಮುಕ್ತ ತಂತ್ರಾಂಶ ಉಚಿತ. ಇದರ ಲೈವ್ ಆವೃತ್ತಿಯನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು ಅದರಿಂದಲೇ ಕಂಪ್ಯೂಟರ್ ಆರಂಭಿಸಿದರೆ, ವಿಂಡೋಸ್ ಚಾಲೂ ಇಲ್ಲದಿರುವಾಗಲೇ ಅದರ ಪಾರ್ಟಿಷನ್ ಅನ್ನು, ಅಂದರೆ ಡಿಸ್ಕ್‌ನಲ್ಲಿ ಅದಕ್ಕೆ ಬಿಟ್ಟುಕೊಟ್ಟ ಭಾಗವನ್ನು, ಕುಗ್ಗಿಸಬಹುದು.

ಈ ಕೆಲಸಕ್ಕೆ ವಿಂಡೋಸ್‌ನಲ್ಲೇ ಡಿಸ್ಕ್ ಮ್ಯಾನೇಜ್‌ಮೆಂಟ್ ಇದೆ. ಮೊದಲು ಅದನ್ನೇ ಪ್ರಯತ್ನಿಸಿ. ಆದರೆ ಕದಲಿಸಲಾಗದ ಒಂದು ಫೈಲ್ ನಟ್ಟನಡುವೆ ಕುಳಿತಿದ್ದರೆ ಸಾಕು, ಅದಕ್ಕೂ ಮುಂಚಿನ ಭಾಗದಲ್ಲಿ ಎಷ್ಟೇ ಜಾಗ ಖಾಲಿಯಿರಲಿ, ಆ ಫೈಲ್ ದಾಟಿ ಕುಗ್ಗಿಸಲು ಡಿಸ್ಕ್ ಮ್ಯಾನೇಜ್‌ಮೆಂಟ್ ಒಪ್ಪುವುದಿಲ್ಲ. ಜಿಪಾರ್ಟೆಡ್ ಅಂಥ ಫೈಲ್‌ಗಳನ್ನೂ ಸರಿಸಿ ಜಾಗ ಬಿಡಿಸುತ್ತದೆ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಇದರ ತಾಳ್ಮೆ. ನೀವು ಕುಗ್ಗಿಸಿ ಎನ್ನಿ, ಅಳಿಸಿ ಎನ್ನಿ, ಡಿಸ್ಕ್‌ನಲ್ಲಿ ಕೂಡಲೇ ಏನೂ ಬದಲಾಗುವುದಿಲ್ಲ. ಹೇಳಿದ್ದೆಲ್ಲ ಪರದೆಯ ಕೆಳಗೆ ಪಟ್ಟಿಯಾಗಿ ನಿಲ್ಲುತ್ತದೆ; ಮೇಲಿನ ಚಿತ್ರ ಮಾತ್ರ ಮುಂದೆ ಡಿಸ್ಕ್ ಹೇಗಿರುತ್ತದೆ ಎಂಬುದನ್ನು ತೋರಿಸುತ್ತದೆ. ಬೇಡವೆನಿಸಿದರೆ ಒಂದೊಂದಾಗಿ ಹಿಂದೆ ಪಡೆಯಬಹುದು. ‘ಅಪ್ಲೈ’ ಒತ್ತಿದ ಮೇಲಷ್ಟೇ ಕೆಲಸ ಶುರು. ವರ್ಷಗಟ್ಟಲೆ ಕೂಡಿಟ್ಟ ಫೋಟೊ, ದಾಖಲೆಗಳಿರುವ ಡಿಸ್ಕ್ ಮುಂದಿರುವಾಗ ಈ ಬಿಡುವಿಗೆ ಬೆಲೆ ಕಟ್ಟಲಾಗದು.

ಕುಗ್ಗಿಸುವ ಕಿಟಕಿಯಲ್ಲಿ ಮೂರು ಅಂಕಿಗಳಿರುತ್ತವೆ: ಪಾರ್ಟಿಷನ್‌ನ ಎಡಕ್ಕೆ ಬಿಡುವ ಜಾಗ, ಹೊಸ ಗಾತ್ರ, ಬಲಕ್ಕೆ ಉಳಿಯುವ ಜಾಗ. ನೀವು ಬದಲಿಸಬೇಕಾದದ್ದು ಬಲ ಅಂಚನ್ನು ಮಾತ್ರ. ಮೊದಲ ಅಂಕಿ ಇದ್ದಂತೆಯೇ ಇರಬೇಕು. ಎಡ ಅಂಚು ಜರುಗಿತೆಂದರೆ ಇಡೀ ಪಾರ್ಟಿಷನ್‌ನ ಮಾಹಿತಿಯನ್ನೇ ನಕಲು ಮಾಡಿ ಸರಿಸಬೇಕಾಗುತ್ತದೆ. ಅದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು, ನಡುವೆ ವಿದ್ಯುತ್ ಕೈಕೊಟ್ಟರೆ ಮಾಹಿತಿಗೇ ಸಂಚಕಾರ. ಈ ಕಿಟಕಿಯ ಬಗ್ಗೆ ನನ್ನ ತಕರಾರು ಒಂದೇ: ಅಂಕಿಗಳೆಲ್ಲ ಎಂಐಬಿ (ಮೆಬಿಬೈಟ್) ಲೆಕ್ಕದಲ್ಲಿವೆ. 1024 ಎಂಐಬಿ ಸೇರಿದರೆ ಒಂದು ಜಿಐಬಿ (ಗಿಬಿಬೈಟ್). 50 ಜಿಐಬಿ ಬೇಕೆಂದರೆ 1024ರಿಂದ ಗುಣಿಸಿ 51200 ಎಂದು ಬರೆಯಬೇಕು. ಹೊಸಬರು ಸೊನ್ನೆ ಎಣಿಸುತ್ತಾ ಕೂರುವುದನ್ನು ನೋಡಿದಾಗಲೆಲ್ಲ ಇದನ್ನು ಸರಿಪಡಿಸಬಾರದೇ ಎನಿಸುತ್ತದೆ.

ಕೆಲಸ ನಡೆಯುವಾಗ ‘ಡೀಟೇಲ್ಸ್’ ತೆರೆದು ನೋಡಿ. ವಿಂಡೋಸ್ ಸಾಮಾನ್ಯವಾಗಿ ಬಳಸುವ ಎನ್‌ಟಿಎಫ್‌ಎಸ್ ಮಾದರಿಯ ಪಾರ್ಟಿಷನ್ ಆದರೆ ಮೊದಲು ದೋಷ ಪರೀಕ್ಷೆ, ಆಮೇಲೆ ಏನನ್ನೂ ಬರೆಯದ ಒಂದು ತಾಲೀಮು, ಅದು ಸರಿಹೋದರೆ ಮಾತ್ರ ನಿಜವಾದ ಕುಗ್ಗಿಸುವಿಕೆ. ಈ ವಿವರಗಳನ್ನು ಫೈಲ್ ಆಗಿ ಉಳಿಸಿಕೊಳ್ಳುವ ಸೌಲಭ್ಯವೂ ಇದೆ.

ಇದು ಮಾಡದ ಕೆಲಸಗಳೂ ಇವೆ. ಮಾಹಿತಿಯನ್ನು ಗೂಢಲಿಪಿಯಾಗಿಸುವ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಹಾಕಿದ ಪಾರ್ಟಿಷನ್ ಅನ್ನು ಇದು ಕುಗ್ಗಿಸದು. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಕಂಪ್ಯೂಟರ್ ಪೂರ್ತಿ ಆರಿರುವುದಿಲ್ಲ. ಆಗಲೂ ಇದು ಹಿಂದೆ ಸರಿಯುತ್ತದೆ. ಅದನ್ನು ತಂತ್ರಾಂಶದ ದೋಷವೆಂದು ಬೈಯುವವರನ್ನು ಕಂಡಿದ್ದೇನೆ. ನನ್ನ ದೃಷ್ಟಿಯಲ್ಲಿ ಅದೇ ಇದರ ದೊಡ್ಡ ಗುಣ. ಎಂಬಿಆರ್ ಎಂಬ ಹಳೆಯ ಹಂಚಿಕೆ ಪದ್ಧತಿಯ ಡಿಸ್ಕ್‌ನಲ್ಲಿ ಪ್ರೈಮರಿ (ಮುಖ್ಯ) ಪಾರ್ಟಿಷನ್‌ಗಳು ನಾಲ್ಕೇ ಇರಬಹುದು. ಅಲ್ಲಿ ಐದನೆಯದನ್ನು ಕೇಳಿದರೂ ಸುಮ್ಮನೆ ನಿರಾಕರಿಸದೆ, ಒಳಗೆ ಬೇರೆ ಪಾರ್ಟಿಷನ್‌ಗಳನ್ನು ಇರಿಸಬಹುದಾದ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾಡಿಕೊಳ್ಳಿ ಎಂದು ದಾರಿ ತೋರಿಸುತ್ತದೆ.

‘ಇಎಸ್‌ಪಿ’ ಎಂಬ ಗುರುತಿರುವ ಚಿಕ್ಕ ಫ್ಯಾಟ್32 ಪಾರ್ಟಿಷನ್ ಕಂಡರೆ ಮುಟ್ಟಬೇಡಿ. ಎರಡೂ ಕಾರ್ಯಾಚರಣಾ ವ್ಯವಸ್ಥೆಗಳ ಬೂಟ್ ಫೈಲ್‌ಗಳಿಗೆ ಅದೊಂದೇ ಸಾಕು. ಬ್ಯಾಕಪ್ ಇಲ್ಲದೆ ‘ಅಪ್ಲೈ’ ಒತ್ತುವುದಂತೂ ಬೇಡವೇ ಬೇಡ. ಕುಗ್ಗಿಸಿದ ಮೇಲೆ ನೇರವಾಗಿ ಲಿನಕ್ಸ್ ಹಾಕಲು ಹೋಗದೆ ಒಮ್ಮೆ ವಿಂಡೋಸ್ ತೆರೆಯಿರಿ. ಅದು ತಾನಾಗಿ ಡಿಸ್ಕ್ ಪರೀಕ್ಷೆ ನಡೆಸುತ್ತದೆ, ಮುಗಿಯುವವರೆಗೆ ಕಾಯಿರಿ.