ಜಾಕೆಟ್ ಮಗನ ಕಿವಿ ದಾಟಿ ಮೇಲೆ ಹೋಗಿತ್ತು: ಮಕ್ಕಳ ಜೊತೆ ರಾಫ್ಟಿಂಗಿಗೆ ಹೊರಟವರಿಗೆ

ನನ್ನ ಮಗನಿಗೆ ಆಗ 8 ವರ್ಷ, ಮಗಳಿಗೆ 12. ರಜೆಯಲ್ಲಿ ಅವರಿಬ್ಬರು, ನನ್ನ ಗಂಡ, ಮೈದುನ ಮತ್ತು ನಾನು ರಾಫ್ಟಿಂಗಿಗೆ, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ರಭಸದ ನದಿಯಲ್ಲಿ ಸಾಗುವ ಆಟಕ್ಕೆ, ಹೋಗಿದ್ದೆವು. ಹೋದವರೆಲ್ಲ ವಾಪಸ್ ಬಂದಿದ್ದೇವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಡುವೆ ಒಂದು ನಿಮಿಷದಷ್ಟು ಹೊತ್ತು ನನ್ನ ಮಗ ಎಲ್ಲಿದ್ದಾನೆ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಕಾಲು ನದಿಯ ತಳದಲ್ಲಿ ಎರಡು ಕಲ್ಲುಗಳ ಸಂದಿನಲ್ಲಿ ಸಿಕ್ಕಿಕೊಂಡಿತ್ತು. ಆದದ್ದೆಲ್ಲ ನೀರಿನಲ್ಲಿ, ತಪ್ಪು ಮಾಡಿದ್ದು ಮಾತ್ರ ದಡದಲ್ಲಿ, ರಾಫ್ಟ್ ಹತ್ತುವ ಮುಂಚಿನ ಕಾಲು ಗಂಟೆಯಲ್ಲಿ. ಆ ಕಾಲು ಗಂಟೆಯ ಬಗ್ಗೆ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಕರೆದುಕೊಂಡು ಹೋದವರ ಹೆಸರಾಗಲಿ ನದಿಯ ಹೆಸರಾಗಲಿ ಬರೆಯುವುದಿಲ್ಲ. ಬರೆದರೆ "ಸದ್ಯ, ನಾವು ಹೋಗ್ತಿರೋದು ಅಲ್ಲಿಗಲ್ಲ" ಅಂದುಕೊಂಡು ನೀವು ಓದುವುದನ್ನು ಅಲ್ಲಿಗೇ ನಿಲ್ಲಿಸಬಹುದು.

ಜಾಹೀರಾತಿನಲ್ಲಿ "ಗ್ರೇಡ್ 3, ಕುಟುಂಬಕ್ಕೆ ಸೂಕ್ತ" ಅಂತಿತ್ತು. ನದಿಯ ಕಷ್ಟವನ್ನು 1ರಿಂದ 6ರವರೆಗೆ ಅಳೆಯುತ್ತಾರೆ ಅಂತ ನನಗೆ ಗೊತ್ತಿತ್ತು. 1 ಅಂದರೆ ಸಣ್ಣ ಅಲೆಗಳ ಹರಿವು, 6 ಅಂದರೆ ಪಳಗಿದವರೂ ಹತ್ತಿರ ಸುಳಿಯದಂಥದ್ದು. 6ರಲ್ಲಿ 3 ಎಂದರೆ ಅರ್ಧ, ಅರ್ಧ ಅಂದರೆ ಅಷ್ಟೇನೂ ಇಲ್ಲ ಅಂದುಕೊಂಡೆ. ಅದು ಹಾಗಲ್ಲ. 3ಕ್ಕೆ ಬಂದರೆ ಅಲೆಗಳು ಅಡ್ಡಾದಿಡ್ಡಿಯಾಗಿ ಏಳುತ್ತವೆ, ರಾಫ್ಟಿನೊಳಗೆ ನೀರು ನುಗ್ಗುತ್ತದೆ, ಬಂಡೆ ತಪ್ಪಿಸಲು ಎಲ್ಲರೂ ಒಟ್ಟಿಗೆ ಹುಟ್ಟು ಹಾಕಬೇಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಅಂಕೆ ನದಿಗೆ ಶಾಶ್ವತವಾಗಿ ಅಂಟಿಸಿದ ಚೀಟಿಯಲ್ಲ. ಮೇಲ್ಗಡೆ ಮಳೆಯಾದರೆ, ಅಣೆಕಟ್ಟೆಯಿಂದ ನೀರು ಬಿಟ್ಟರೆ, ನಿನ್ನೆ 3 ಇದ್ದದ್ದು ಇವತ್ತು 4 ಆಗಿರಬಹುದು. ನೀರು ಬಹಳ ತಣ್ಣಗಿದ್ದರೂ ಒಂದು ಗ್ರೇಡ್ ಹೆಚ್ಚೇ ಎಂದು ಲೆಕ್ಕ ಹಿಡಿಯಬೇಕು.

ನಾವು ಹೋದ ದಿನ ನೀರು ಕೆಂಪಗಿತ್ತು. ಮುರಿದ ಕೊಂಬೆ, ಎಲೆ, ಕಡ್ಡಿಗಳೆಲ್ಲ ತೇಲಿಕೊಂಡು ಬರುತ್ತಿದ್ದವು. ದಡದ ಹುಲ್ಲು ಅರ್ಧ ಮುಳುಗಿತ್ತು. ಇವೆಲ್ಲ ಏರಿದ ನದಿಯ ಗುರುತುಗಳೆಂದು ಈಗ ಗೊತ್ತು. ಆಗ ಮಗಳು "ಅಮ್ಮಾ, ಫೋಟೋದಲ್ಲಿ ಹಸಿರಾಗಿತ್ತಲ್ಲ?" ಅಂತ ಕೇಳಿದಳು. "ಮಳೆ ಬಂದಿರಬೇಕು ಪುಟ್ಟಿ" ಅಂದೆ. ಉತ್ತರ ನನ್ನ ಬಾಯಲ್ಲೇ ಇತ್ತು, ತಲೆಗೆ ಹೋಗಲಿಲ್ಲ. ಗೈಡ್ ಹುಡುಗ ನಗುತ್ತಾ, "ಇವತ್ತು ನೀರು ಚೆನ್ನಾಗಿದೆ ಮೇಡಂ, ಮಜಾ ಜಾಸ್ತಿ" ಅಂದ. ಅವನು ಸುಳ್ಳು ಹೇಳಲಿಲ್ಲ. ಮಜಾ ಜಾಸ್ತಿಯೇ ಇತ್ತು.

ಮೊದಲ ಮೂರು ರ‍್ಯಾಪಿಡ್‌ಗಳನ್ನು (ನದಿ ನೊರೆಯೆದ್ದು ರಭಸವಾಗಿ ಇಳಿಯುವ ಜಾಗಗಳನ್ನು) ನಾನು ಈಗಲೂ ಅಲ್ಲಗಳೆಯಲಾರೆ. ಸದ್ದಿಲ್ಲದ ನೀರಿನಲ್ಲಿ ಜಾರುತ್ತಾ ಹೋಗುವಾಗ ಮುಂದೆಲ್ಲೋ ಒಂದು ಮೊರೆತ ಕೇಳಿಸುತ್ತದೆ, ಆದರೆ ಏನೂ ಕಾಣುವುದಿಲ್ಲ. ನೀರು ಕನ್ನಡಿಯಂತೆ ಬಾಗಿ ಕೆಳಗಿಳಿಯುವ ಅಂಚಿಗೆ ಬಂದ ಮೇಲೆಯೇ ನೊರೆ ಕಣ್ಣಿಗೆ ಬೀಳುವುದು. ರಾಫ್ಟಿನ ಮೂತಿ ಕೆಳಗಿಳಿದು, ಅಲೆಗೆ ಗುದ್ದಿ, ಮತ್ತೆ ಮೇಲೇಳುತ್ತದೆ. ತಣ್ಣೀರು ಮುಖಕ್ಕೆ ಬಡಿದಾಗ ಐವರೂ ಒಂದೇ ದನಿಯಲ್ಲಿ ಕಿರುಚಿದ್ದೆವು. ಮನೆಯಲ್ಲಿ ಒಂದೇ ಕೋಣೆಯಲ್ಲಿದ್ದೂ ಒಬ್ಬೊಬ್ಬರು ಒಂದೊಂದು ಕಡೆ ನೋಡುತ್ತಾ ಕೂರುವ ನಾವು, ಅಲ್ಲಿ ಒಂದೇ ತಾಳಕ್ಕೆ ಹುಟ್ಟು ಹಾಕುತ್ತಿದ್ದೆವು. ಆ ಸಂತೋಷ ನಿಜ. ಅದಕ್ಕೇ ಯಾರಿಗೂ ಹೋಗಬೇಡಿ ಅನ್ನುವ ಮನಸ್ಸು ನನಗಿಲ್ಲ.

ನಾಲ್ಕನೆಯದರಲ್ಲಿ ರಾಫ್ಟ್ ಅಡ್ಡ ತಿರುಗಿ ಬಂಡೆಗೆ ಹೋಗಿ ಒರಗಿತು. ಹೀಗಾದಾಗ ಒಳಗಿರುವವರು ತಕ್ಷಣ ಬಂಡೆಯ ಕಡೆಗೇ ಮೈ ಚೆಲ್ಲಬೇಕು. ಇಲ್ಲದಿದ್ದರೆ ಮೇಲಿನಿಂದ ಬರುವ ನೀರು ಈಚೆ ಬದಿಯನ್ನು ಅದುಮಿ ರಾಫ್ಟನ್ನು ಎತ್ತಿ ಮಗುಚುತ್ತದೆ. ಬಂಡೆ ಕಂಡರೆ ಮನುಷ್ಯ ದೂರ ಸರಿಯುತ್ತಾನೆ, ಅದೇ ಸಹಜ. ಆದ್ದರಿಂದಲೇ ಇದನ್ನು ಮೊದಲೇ ದಡದಲ್ಲಿ ಎರಡು ಮೂರು ಸಲ ಮಾಡಿಸಿ ಕಲಿಸಬೇಕು. ನಮಗೆ ಕಲಿಸಿದ್ದು "ಮುಂದೆ", "ಹಿಂದೆ", "ನಿಲ್ಲಿಸಿ" ಅನ್ನುವ ಮೂರು ಮಾತು ಮಾತ್ರ. ಗೈಡ್ "ಹೈ ಸೈಡ್! ಹೈ ಸೈಡ್!" ಅಂತ ಕೂಗಿದ. ಬಂಡೆಯ ಕಡೆಗೆ ಮೈ ಚೆಲ್ಲಿ ಅನ್ನುವ ಸೂಚನೆ ಅದು ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರೂ ಬಂಡೆಯಿಂದ ಹಿಂದಕ್ಕೆ ಸರಿದೆವು. ರಾಫ್ಟ್ ವಾಲಿತು. ನಾನು, ನನ್ನ ಮಗ ಇಬ್ಬರೂ ನೀರಿಗೆ ಬಿದ್ದೆವು.

ಮೊದಲು ಉಸಿರೇ ಬರಲಿಲ್ಲ. ತಣ್ಣೀರು ಥಟ್ಟನೆ ಮೈಗೆ ತಾಕಿದರೆ ದೇಹ ತಾನಾಗಿ ಏದುಸಿರು ಎಳೆದುಕೊಳ್ಳುತ್ತದೆ, ತಲೆ ನೀರಿನೊಳಗಿದ್ದರೆ ಉಸಿರಿನ ಬದಲು ನೀರು ಒಳಗೆ ಹೋಗುತ್ತದೆ. ಸುಮಾರು ಒಂದು ನಿಮಿಷದಲ್ಲಿ ಅದು ಹತೋಟಿಗೆ ಬರುತ್ತದೆ, ಅಲ್ಲಿಯವರೆಗೆ ತಲೆ ಮೇಲಿರಬೇಕು. ಅಷ್ಟಕ್ಕಾಗಿಯೇ ಲೈಫ್ ಜಾಕೆಟ್ ಇರುವುದು. ನಾನು ಮೇಲೆ ಬಂದು ನೋಡಿದಾಗ ಕಂಡದ್ದು ಕಿತ್ತಳೆ ಬಣ್ಣದ ಜಾಕೆಟ್ ಮಾತ್ರ. ಅದರೊಳಗೆ ಮಗನ ಮುಖ ಇರಲಿಲ್ಲ. ಅವನ ಎರಡೂ ಕೈ ಮೇಲಕ್ಕೆತ್ತಿಕೊಂಡಿದ್ದವು, ಜಾಕೆಟ್ ಕಿವಿ ದಾಟಿ ಮೇಲೆ ಹೋಗಿತ್ತು. ಅವನು ಕೂಗಲಿಲ್ಲ. ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಅಂತ ನಾವೆಲ್ಲ ನಂಬಿದ್ದೇವೆ. ಉಸಿರಿಗೇ ಪರದಾಡುವವರಿಗೆ ದನಿ ಎಲ್ಲಿಂದ ಬರಬೇಕು?

ಆಗ ನಾನು ತಿಳಿಯದೆ ಮಾಡಿದ್ದನ್ನು ನೀವು ಯಾವತ್ತೂ ಮಾಡಬೇಡಿ. ಕಾಲಿಗೆ ನೆಲ ತಾಕಿತು, ನೀರು ತೊಡೆಯ ಮಟ್ಟಕ್ಕಿತ್ತು. ಎದ್ದು ನಿಂತೆ. ಬಲಗಾಲು ಕಲ್ಲುಗಳ ಸಂದಿಗೆ ಇಳಿಯಿತು, ಹಿಂದಿನಿಂದ ನೀರು ತಳ್ಳಿತು, ಮುಖ ಅಡಿಯಾಗಿ ಬಗ್ಗಿದೆ. ಇನ್ನು ಏಳಲು ಆಗುವುದಿಲ್ಲ ಅನ್ನುವುದು ಆ ಕ್ಷಣಕ್ಕೇ ಗೊತ್ತಾಯಿತು. ಒಂದು ಘನ ಮೀಟರ್ ನೀರಿನ ತೂಕ 1000 ಕಿಲೋ. ಸೆಕೆಂಡಿಗೆ 50 ಘನ ಮೀಟರ್ ಹರಿಯುವ ನದಿಯಲ್ಲಿ ಪ್ರತಿ ಸೆಕೆಂಡಿಗೂ 50 ಟನ್ ನೀರು ದಾಟಿಹೋಗುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಅದು ಮೈಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲಿನಷ್ಟು ಆಳದಲ್ಲೂ ಈಜು ಬಲ್ಲ ಗಟ್ಟಿಮುಟ್ಟಾದ ಗಂಡಸರು ಹೀಗೆ ಕಾಲು ಸಿಕ್ಕಿ ಸಾಯುತ್ತಾರೆ. ನನ್ನ ಚಪ್ಪಲಿಯ ಪಟ್ಟಿ ಹರಿಯಿತು, ಪಾದ ಜಾರಿ ಹೊರಬಂತು. ಪಾದದ ಗಂಟಿನ ಲಿಗಮೆಂಟ್ ಹರಿದಿತ್ತು, ಮೂರು ತಿಂಗಳು ಸರಿಯಾಗಿ ನಡೆಯಲಾಗಲಿಲ್ಲ. ಅಷ್ಟರಲ್ಲೇ ಪಾರಾದೆ.

ನೀರಿಗೆ ಬಿದ್ದರೆ ಬೆನ್ನ ಮೇಲೆ ಮಲಗಬೇಕು. ಕಾಲುಗಳು ಮುಂದೆ, ಅಂದರೆ ನೀರು ಹೋಗುವ ಕಡೆಗೆ, ಹೆಬ್ಬೆರಳು ನೀರಿನ ಮೇಲೆ ಕಾಣುವಂತಿರಬೇಕು. ಬಂಡೆ ಬಂದರೆ ಪಾದದಿಂದ ಒದ್ದು ಸರಿಯಬಹುದು. ನೀರು ನಿಧಾನವಾಗಿ, ಮೈ ಕಲ್ಲಿಗೆ ತಾಕುವಷ್ಟು ಆಳ ಕಡಿಮೆಯಾಗುವವರೆಗೆ ನಿಲ್ಲಲು ಹೋಗಬಾರದು. ಬಿದ್ದ ಮರದ ಕೊಂಬೆಗಳ ಜಾಲ ಎದುರಾದರೆ ಮಾತ್ರ ಈ ನಿಯಮ ತಿರುಗುತ್ತದೆ. ಅಲ್ಲಿ ನೀರು ಕೊಂಬೆಗಳ ನಡುವೆ ಸೋಸಿಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಆದಷ್ಟೂ ದೂರಕ್ಕೆ ಈಜಬೇಕು, ತಪ್ಪಿಸಿಕೊಳ್ಳಲಾಗದಿದ್ದರೆ ತಲೆ ಮುಂದಾಗಿ ಜೋರಾಗಿ ಈಜಿ ಮರದ ಮೇಲಕ್ಕೆ ಹತ್ತಬೇಕು, ಕೆಳಗೆ ಮಾತ್ರ ಹೋಗಕೂಡದು. ರಾಫ್ಟಿನ ಅಡಿಗೆ ಸಿಕ್ಕಿಬಿದ್ದರೆ ಎರಡೂ ಕೈಯಿಂದ ಅದರ ತಳವನ್ನು ತಳ್ಳುತ್ತಾ ಒಂದೇ ದಿಕ್ಕಿಗೆ ಸರಿದರೆ ಹೊರಗೆ ಬರುತ್ತೀರಿ. ಹಗ್ಗ ಎಸೆದರೆ ಹಗ್ಗವನ್ನೇ ಎದೆಯ ಹತ್ತಿರ ಹಿಡಿಯಿರಿ, ಕೈಗೆ ಸುತ್ತಿಕೊಳ್ಳಬೇಡಿ.

ಮಗನನ್ನು ಹಿಂದೆ ಬರುತ್ತಿದ್ದ ಇನ್ನೊಂದು ರಾಫ್ಟಿನ ಗೈಡ್ ಹಿಡಿದ. ಜಾಕೆಟ್ಟಿನ ಭುಜದ ಪಟ್ಟಿ ಹಿಡಿದು ಎಳೆದಾಗ ಜಾಕೆಟ್ ಕೈಗೆ ಬಂತಂತೆ, ಮಗು ಬರಲಿಲ್ಲ. ಆಮೇಲೆ ತೋಳು ಹಿಡಿದು ಎಳೆದುಕೊಂಡ. ಆ ಹುಡುಗನಿಗೆ ನಾನು ಜೀವನಪೂರ್ತಿ ಋಣಿ. ನಮ್ಮ ಗೈಡಿನ ಮೇಲೂ ನನಗೆ ಸಿಟ್ಟಿಲ್ಲ. ಒಂದು ಕಡೆ ರಾಫ್ಟ್ ಮಗುಚದಂತೆ ನೋಡಬೇಕು, ಇನ್ನೊಂದು ಕಡೆ ಇಬ್ಬರನ್ನು ಎತ್ತಬೇಕು, ಒಬ್ಬ ಏನು ಮಾಡಿಯಾನು? ಅದಕ್ಕಾಗಿ ಮುಂದೆ ಮುಂದೆ ಹೋಗಿ ಕಾಯುವ ಕಯಾಕ್ (ಒಬ್ಬರು ಕೂರುವ ಚಿಕ್ಕ ದೋಣಿ) ಇರಬೇಕು, ಅಥವಾ ರ‍್ಯಾಪಿಡ್ ಮುಗಿಯುವ ಕಡೆ ದಡದಲ್ಲಿ ಹಗ್ಗದ ಚೀಲ ಹಿಡಿದು ಯಾರಾದರೂ ನಿಂತಿರಬೇಕು. ಅವತ್ತು ಎರಡೂ ಇರಲಿಲ್ಲ. ನೀರು ಏರಿದ ದಿನವೇ ಇವು ಹೆಚ್ಚು ಬೇಕಾಗುವುದು. ಆ ಉಳಿತಾಯ ಮಾಡಿದವರ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನು ಆ ಕಾಲು ಗಂಟೆ. ಮಗನಿಗೆ ಕೊಟ್ಟದ್ದು ದೊಡ್ಡವರ ಜಾಕೆಟ್, ಅದರಲ್ಲೇ ಚಿಕ್ಕ ಅಳತೆಯದು. "ಬಿಗಿ ಮಾಡಿದ್ರೆ ಸಾಕು" ಅಂದರು. ತೊಡೆಯ ಸಂದಿನಲ್ಲಿ ಹಾದುಬರುವ ಪಟ್ಟಿ ಅದಕ್ಕಿರಲಿಲ್ಲ. ಮಕ್ಕಳಿಗೆ ಸೊಂಟ ತೆಳು, ಭುಜ ಕಿರಿದು, ಆದ್ದರಿಂದ ಜಾಕೆಟ್ ಮೇಲೆ ಜಾರದಂತೆ ಹಿಡಿದಿಡುವುದು ಆ ಪಟ್ಟಿಯೇ. ಜಾಕೆಟ್ಟನ್ನು ವಯಸ್ಸಿನ ಮೇಲೆ ಕೊಡುವುದಲ್ಲ, ತೂಕ ಮತ್ತು ಎದೆಯ ಸುತ್ತಳತೆಯ ಮೇಲೆ. ಪರೀಕ್ಷೆ ಬಹಳ ಸುಲಭ. ಎಲ್ಲ ಪಟ್ಟಿಗಳನ್ನೂ ಬಿಗಿದ ಮೇಲೆ ಮಗುವಿನ ಹಿಂದೆ ನಿಂತು ಭುಜದ ಪಟ್ಟಿಗಳನ್ನು ಹಿಡಿದು ಜೋರಾಗಿ ಮೇಲಕ್ಕೆಳೆಯಿರಿ. ಜಾಕೆಟ್ ಗಲ್ಲಕ್ಕೋ ಕಿವಿಗೋ ಬಂದರೆ ಅದು ಆ ಮಗುವಿನದಲ್ಲ, ಬೇರೆ ಕೇಳಿ, ಇಲ್ಲದಿದ್ದರೆ ಹತ್ತಬೇಡಿ. ಹೆಲ್ಮೆಟ್ಟೂ ಅಷ್ಟೇ, ಬಕಲ್ ಹಾಕಿದ ಮೇಲೆ ಹಣೆಯಿಂದ ಹಿಂದಕ್ಕೆ ತಳ್ಳಿದರೆ ಸರಿಯಬಾರದು. ಸರಿಯಾದ ಅಳತೆಯ ಜಾಕೆಟ್ಟಿಗೂ ಒಂದು ಮಿತಿ ಇದೆ. ನೊರೆಯಲ್ಲಿ ಗಾಳಿ ಬೆರೆತಿರುತ್ತದೆ, ಅಂಥ ನೀರು ತೇಲಿಸುವುದು ಕಡಿಮೆ. ಅಲೆ ಮೈಮೇಲೆ ಬಂದಾಗ ಉಸಿರು ಬಿಗಿಹಿಡಿದು, ಇಳಿದಾಗ ಎಳೆದುಕೊಳ್ಳಬೇಕು ಅಂತ ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರಿ.

ನಾನು ಯಾಕೆ ಏನೂ ಕೇಳಲಿಲ್ಲ ಅನ್ನುವುದನ್ನೂ ಹೇಳಬೇಕು. ದುಡ್ಡು ಮೊದಲೇ ಕಟ್ಟಿಯಾಗಿತ್ತು. ಇನ್ನೊಂದು ಕುಟುಂಬ ತಯಾರಾಗಿ ನಿಂತಿತ್ತು, ನಮ್ಮಿಂದ ಅವರಿಗೆ ತಡವಾಗುತ್ತದೆ ಅನ್ನಿಸಿತು. ಮಗ ಕುಣಿಯುತ್ತಿದ್ದ. ನನ್ನ ಗಂಡ ಮೆಲ್ಲಗೆ "ಜಾಕೆಟ್ ಸ್ವಲ್ಪ ದೊಡ್ಡದಾಯ್ತು ಅಲ್ವಾ?" ಅಂದಾಗ, "ಅವರಿಗೆ ಗೊತ್ತಿರುತ್ತೆ ಬಿಡ್ರೀ, ದಿನಾ ಮಾಡೋರು" ಅಂತ ಬಾಯಿ ಮುಚ್ಚಿಸಿದವಳು ನಾನೇ. ಒಪ್ಪಿಗೆ ಪತ್ರಕ್ಕೂ ಓದದೆ ಸಹಿ ಹಾಕಿದ್ದೆ. ಆಮೇಲೆ ಓದಿದರೆ ಅಪಾಯಗಳೆಲ್ಲ ಅದರಲ್ಲೇ ಬರೆದಿದ್ದವು, ನಮಗೆ ಎಲ್ಲವೂ ತಿಳಿದಿದೆ ಅಂತ ನಾನು ಸಹಿ ಮಾಡಿಕೊಟ್ಟಿದ್ದೆ.

ಈಗಾದರೆ ಬುಕ್ ಮಾಡುವಾಗಲೇ ಕೇಳುತ್ತೇನೆ: ಮಕ್ಕಳ ಅಳತೆಯ ಜಾಕೆಟ್ ಇದೆಯೇ, ಗೈಡ್‌ಗಳಿಗೆ ರಕ್ಷಣಾ ತರಬೇತಿ ಆಗಿದೆಯೇ, ಅದಕ್ಕೆ ಪ್ರಮಾಣಪತ್ರ ಇದೆಯೇ. ಅಂತರರಾಷ್ಟ್ರೀಯ ರಾಫ್ಟಿಂಗ್ ಒಕ್ಕೂಟ ಗೈಡ್‌ಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ, ಅದರಲ್ಲಿ ಮಟ್ಟಗಳೂ ಇವೆ. ಹೋದ ದಿನ ದಡದಲ್ಲಿ ಕೇಳಬೇಕಾದ ಪ್ರಶ್ನೆ ಇನ್ನೊಂದು: "ನೀರು ಎಷ್ಟು ಏರಿದರೆ ನೀವು ಮಕ್ಕಳನ್ನು ಹತ್ತಿಸುವುದಿಲ್ಲ? ಇವತ್ತು ಎಷ್ಟಿದೆ?" ಒಳ್ಳೆಯವರ ಬಳಿ ಇದಕ್ಕೊಂದು ಅಂಕೆ ಇರುತ್ತದೆ. ಕಂಬದ ಮೇಲೋ ಬಂಡೆಯ ಮೇಲೋ ಹಾಕಿದ ಗುರುತನ್ನು ತೋರಿಸುತ್ತಾರೆ. ವಯಸ್ಸಿನ ಮಿತಿಯೂ ನೀರಿನ ಜೊತೆ ಏರಬೇಕು. ವರ್ಷವಿಡೀ ಒಂದೇ ಮಿತಿ ಅನ್ನುವವರನ್ನು ನಾನಂತೂ ನಂಬಲಾರೆ. "ಏನಾಗಲ್ಲ ಬನ್ನಿ" ಅನ್ನುವುದು ಉತ್ತರವಲ್ಲ. ನನ್ನ ಮಟ್ಟಿಗೆ ಹತ್ತರ ಒಳಗಿನ ಮಕ್ಕಳಿಗೆ ಗ್ರೇಡ್ 2 ಸಾಕು, ಅದರಲ್ಲೂ ಬೇಕಾದಷ್ಟು ನಗು ಇದೆ.

ಬಟ್ಟೆ ವಿಷಯದಲ್ಲೂ ಎಡವಿದ್ದೆವು. ಹತ್ತಿ ಅಂಗಿ, ಜೀನ್ಸ್ ಹಾಕಿಕೊಂಡು ಹೋಗಬೇಡಿ, ಒದ್ದೆಯಾದರೆ ಮೈಯ ಬಿಸಿ ಹೀರುತ್ತಲೇ ಇರುತ್ತವೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಕಳೆಯುತ್ತದೆ, ಚಿಕ್ಕ ಮೈ ಇನ್ನೂ ಬೇಗ ತಣ್ಣಗಾಗುತ್ತದೆ. ದಡಕ್ಕೆ ತಂದಾಗ ಮಗನ ತುಟಿ ನೀಲಿಯಾಗಿತ್ತು, ಮಾತು ತೊದಲುತ್ತಿತ್ತು. ಕಾಲಿಗೆ ಹಿಮ್ಮಡಿ ಬಿಗಿಯುವ ಶೂ ಇರಲಿ. ನನ್ನ ಚಪ್ಪಲಿ ಹರಿದು ನನ್ನನ್ನು ಉಳಿಸಿತು ನಿಜ, ಆದರೆ ಅದನ್ನು ನೆಚ್ಚಿಕೊಂಡು ಯಾರೂ ಚಪ್ಪಲಿ ಹಾಕಿಕೊಳ್ಳಬೇಡಿ.

ಮಗು ನೀರು ಕುಡಿದಿದ್ದರೆ, ಎದ್ದು ಓಡಾಡುತ್ತಿದೆ ಅಂತ ಸುಮ್ಮನಾಗಬೇಡಿ. ಸಂಜೆ ಹೊತ್ತಿಗೆ ಮಗನಿಗೆ ಕೆಮ್ಮು ನಿಲ್ಲಲಿಲ್ಲ, ಉಸಿರು ವೇಗವಾಯಿತು, ಹೊತ್ತಲ್ಲದ ಹೊತ್ತಲ್ಲಿ ತೂಕಡಿಸತೊಡಗಿದ. ಸುಸ್ತಾಗಿರಬೇಕು ಅಂತ ನಾನಂದುಕೊಂಡೆ. ಮೈದುನ ಹಟ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದ. ಶ್ವಾಸಕೋಶಕ್ಕೆ ನೀರು ಸೇರಿತ್ತು, ರಾತ್ರಿಯಿಡೀ ಆಮ್ಲಜನಕ ಕೊಟ್ಟರು. ಈ ಲಕ್ಷಣಗಳು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಅವತ್ತು ರಾತ್ರಿ ಮಗುವಿನ ಪಕ್ಕದಲ್ಲಿ ಯಾರಾದರೊಬ್ಬರು ಎಚ್ಚರವಾಗಿರಿ.

ಮಗನಿಗೆ ಈಗ 9 ತುಂಬಿದೆ. ಸ್ನಾನದ ಮನೆಯಲ್ಲಿ ತಲೆಗೆ ನೀರು ಹಾಕಿದರೆ ಈಗಲೂ ನನ್ನ ಕೈ ಹಿಡಿದುಕೊಳ್ಳುತ್ತಾನೆ. ಮಗಳು ಮಾತ್ರ ಮತ್ತೆ ಹೋಗೋಣ ಅನ್ನುತ್ತಾಳೆ. ಅವಳ ಅಳತೆಯ ಜಾಕೆಟ್ ಒಂದನ್ನು ಕೊಂಡಿದ್ದೇವೆ, ಭಾನುವಾರ ಈಜುಕೊಳದಲ್ಲಿ ಅದನ್ನು ಹಾಕಿಕೊಂಡು ಬೆನ್ನ ಮೇಲೆ ತೇಲುವುದನ್ನು ಅಭ್ಯಾಸ ಮಾಡುತ್ತಾಳೆ. ಮೊನ್ನೆ ಮಗನೂ ಕೊಳದ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ.